ವೈದ್ಯದಲ್ಲಿ ಕೃತಕಬುದ್ಧಿ: ಒಂದು ಪ್ರಮಾಣವಿಚಾರ

ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು 2023ರಲ್ಲಿ ವೈದ್ಯಕೀಯದಲ್ಲಿ ಕೃತಕಬುದ್ಧಿಯ ಬಳಕೆಯನ್ನು ಕುರಿತು ನೀತಿಸೂತ್ರಗಳ ಗ್ರಂಥವೊಂದನ್ನು ಹೊರಡಿಸಿತು. ಅದರಲ್ಲಿ ಹೇಳಿರುವ ತತ್ತ್ವಗಳು ಹತ್ತು. ಅವುಗಳಲ್ಲಿ ವಿಶ್ವಾಸಾರ್ಹತೆ, ಪ್ರಾಮಾಣ್ಯ ಎಂಬೆರಡನ್ನು ಮಾತ್ರ ಇಲ್ಲಿ ವಿಮರ್ಶೆಗೆ ತೆಗೆದುಕೊಂಡಿದ್ದೇವೆ. ಉಳಿದುವನ್ನು ವೈದ್ಯರೂ ನ್ಯಾಯವಾದಿಗಳೂ ವಿಚಾರಿಸಲಿ. ಈ ಎರಡು ನಮ್ಮ ಪಾಠಶಾಲೆಗಳಲ್ಲಿ ಬಹುಕಾಲದಿಂದ ಚರ್ಚೆಗೆ ಬಂದಿರುವುವು.

ಮೊದಲು ಹೆಸರಿನ ಮಾತು. ನೈಯಾಯಿಕರಿಗೆ ಬುದ್ಧಿಯೆಂದರೆ ಜ್ಞಾನ, ಅದು ಆತ್ಮನ ಗುಣ. ಯಂತ್ರದಲ್ಲಿ ಅದನ್ನು ಹೇಳುವುದು ಕೇವಲ ಉಪಚಾರ. 'ಕೃತಕ'ವೆಂಬ ಶಬ್ದವಾದರೋ ತರ್ಕದ ವಿದ್ಯಾರ್ಥಿಗಳಿಗೆ ಅನಿತ್ಯತ್ವವನ್ನು ಸಾಧಿಸುವ ಹೇತುವೆಂದೇ ಪರಿಚಿತವಾದುದು. ಈ ಯಂತ್ರಗಳಿಗೆ ಅದು ಚೆನ್ನಾಗಿ ಒಪ್ಪುತ್ತದೆ. ರೋಗಿಗಳೂ ಉಪಕರಣಗಳೂ ಚಿಕಿತ್ಸಾಕ್ರಮವೂ ಬದಲಾದಂತೆ ನಿನ್ನೆ ಸರಿಯಿದ್ದ ನಿರ್ಣಯ ನಾಳೆ ತಪ್ಪಬಹುದು.

ಯಂತ್ರವು ಮಾಡುವುದು ಭೂಯೋದರ್ಶನದಿಂದ ವ್ಯಾಪ್ತಿಗ್ರಹಣ. ಗೂಗಲ್ ಸಂಸ್ಥೆಯವರು 2016ರಲ್ಲಿ ಪ್ರಕಟಿಸಿದ ಶೋಧದಲ್ಲಿ ಯಂತ್ರವು 1,28,175 ಅಕ್ಷಿಪಟಲಚಿತ್ರಗಳಿಂದ ಮಧುಮೇಹದ ನೇತ್ರವಿಕಾರವನ್ನು ಗುರುತಿಸಲು ಕಲಿಯಿತು. ಅಷ್ಟು ಚಿತ್ರಗಳನ್ನು ಒಬ್ಬ ವೈದ್ಯನು ಅಷ್ಟು ಬೇಗ ನೋಡಿ ಮುಗಿಸಲಾರನು. ಇದನ್ನು ಅಲ್ಲಗಳೆಯುವವರು ಶಾಸ್ತ್ರದ ಹೆಸರಿನಲ್ಲಿ ಆಲಸ್ಯವನ್ನು ಕಾಪಾಡುವವರು.

ಆದರೆ ದರ್ಶನವು ಎಷ್ಟು ಭೂರಿಯಾದರೂ ಉಪಾಧಿಯನ್ನು ಶೋಧಿಸದೆ ವ್ಯಾಪ್ತಿ ನಿಲ್ಲುವುದಿಲ್ಲ. ಬೆಂಕಿಯಿದ್ದಲ್ಲೆಲ್ಲ ಹೊಗೆಯೆಂದು ಹೇಳಲಾಗದು. ಹಸಿ ಸೌದೆಯ ಸಂಬಂಧ ಅಲ್ಲಿ ಉಪಾಧಿ. ಅಮೆರಿಕದ ವಿದ್ವಾಂಸರು 2015ರಲ್ಲಿ ಬರೆದ ಲೇಖನವೊಂದು ಇದಕ್ಕೆ ಹೊಸ ಉದಾಹರಣೆಯನ್ನು ಒದಗಿಸಿದೆ. ನ್ಯುಮೋನಿಯಾ ರೋಗಿಗಳ ದಾಖಲೆಗಳಿಂದ ಕಲಿತ ಯಂತ್ರವು, ಉಬ್ಬಸವುಳ್ಳವರು ಸಾಯುವ ಸಂಭವ ಕಡಿಮೆಯೆಂದು ನಿರ್ಣಯಿಸಿತು! ವಾಸ್ತವದಲ್ಲಿ ಅಂಥವರನ್ನು ವೈದ್ಯರು ತಡಮಾಡದೆ ತೀವ್ರನಿಗಾ ಘಟಕಕ್ಕೆ ಸೇರಿಸುತ್ತಿದ್ದರು. ಆ ಆರೈಕೆಯಿಂದ ಅವರು ಉಳಿಯುತ್ತಿದ್ದರು. ಆರೈಕೆಯೇ ಇಲ್ಲಿ ಹಸಿ ಸೌದೆ. ಹೇತುವನ್ನು ಓದಬಹುದಾದ ಯಂತ್ರವಾದುದರಿಂದ ದೋಷ ಹೊರಬಿದ್ದಿತು. ಅದೇ ದಾಖಲೆಗಳಿಂದ ಕಲಿತು ಹೆಚ್ಚು ನಿಖರವಾಗಿದ್ದ, ಆದರೆ ಹೇತುವನ್ನು ತೋರದ ಮತ್ತೊಂದು ಯಂತ್ರವನ್ನು ಅವರು ರೋಗಿಗಳ ಮೇಲೆ ಪ್ರಯೋಗಿಸದೆ ಬಿಟ್ಟರು. ಪರರನ್ನು ಒಪ್ಪಿಸಬೇಕಾದ ಅನುಮಾನಕ್ಕೆ ಐದು ಅವಯವಗಳು ಬೇಕೆಂದು ನಮ್ಮವರು ವಿಧಿಸಿದುದು ಶುಷ್ಕಪಾಂಡಿತ್ಯದಿಂದಲ್ಲ.

ಪೂರ್ವಪಕ್ಷವುಂಟು. ಪ್ರಾಮಾಣ್ಯವು ಪ್ರವೃತ್ತಿಯ ಸಾಫಲ್ಯದಿಂದ ತಿಳಿಯುವುದೆಂದು ನ್ಯಾಯಮತವೇ ಹೇಳಿರಲು, ಫಲ ಸರಿಯಿದ್ದರೆ ಹೇತುವಿನ ಗೊಡವೆ ಏಕೆ? ಒಪ್ಪಿದೆವು, ಆದರೆ ಫಲವನ್ನು ಎಲ್ಲಿ ನೋಡಿದಿರಿ? ಮೇಲೆ ಹೇಳಿದ ನೇತ್ರಯಂತ್ರವನ್ನು ಥಾಯ್ಲೆಂಡಿನ ಚಿಕಿತ್ಸಾಲಯಗಳಿಗೆ ಒಯ್ದಾಗ, ದಾದಿಯರು ತೆಗೆದ ಚಿತ್ರಗಳಲ್ಲಿ ಐದನೆಯ ಒಂದು ಪಾಲಿನಷ್ಟನ್ನು ಅದು ಪರೀಕ್ಷೆಗೆ ಅಯೋಗ್ಯವೆಂದು ತಿರಸ್ಕರಿಸಿತೆಂಬುದು 2020ರಲ್ಲಿ ಪ್ರಕಟವಾಯಿತು. ಕೋಣೆಯ ಬೆಳಕು ಸಾಲದಿದ್ದುದು ಒಂದು ಕಾರಣ. ದೇಶಕಾಲಗಳನ್ನು ನೋಡಿ ಚಿಕಿತ್ಸಿಸೆಂಬ ಚರಕನ ಮತ ಯಂತ್ರಕ್ಕೂ ಅನ್ವಯಿಸುವುದು. ಪರಿಷತ್ತಿನ ಗ್ರಂಥದಲ್ಲಿ ಹತ್ತು ತತ್ತ್ವಗಳು ಸಾಲಾಗಿ ನಿಂತಿವೆ. ನಿಖರವಾದ ಯಂತ್ರವು ಹೇತುವನ್ನು ಹೇಳದಿದ್ದಾಗ ಯಾವುದು ಪ್ರಬಲವೆಂಬ, ಮೀಮಾಂಸಕರ ರೀತಿಯ ಬಲಾಬಲವಿಚಾರ ಅಲ್ಲಿ ಬೇಕಿತ್ತು.

ಇನ್ನು ಯಂತ್ರವಾಕ್ಯವನ್ನು ಆಪ್ತವಾಕ್ಯವೆಂದು ಸ್ವೀಕರಿಸಬಹುದೆ? ಗೌತಮನು ವೇದಪ್ರಾಮಾಣ್ಯಕ್ಕೆ ದೃಷ್ಟಾಂತವಾಗಿ ಕೊಟ್ಟುದು ಆಯುರ್ವೇದವನ್ನು. ಆಪ್ತನಿಗೆ ವಸ್ತುಸಾಕ್ಷಾತ್ಕಾರ, ಭೂತದಯೆ, ಇದ್ದುದನ್ನು ಇದ್ದಂತೆ ತಿಳಿಸುವ ಇಚ್ಛೆ ಇವು ಇರಬೇಕೆಂದು ಭಾಷ್ಯಕಾರನ ಅಭಿಪ್ರಾಯ. ದಯೆಯೂ ಇಚ್ಛೆಯೂ ಇಲ್ಲದುದು ಲಿಂಗವಾಗಬಹುದು, ಆಪ್ತವಾಗಲಾರದು. ಆದುದರಿಂದ ಹೊಣೆಯು ಅದನ್ನು ಓದಿದ ವೈದ್ಯನದು. ಈ ವಿಷಯದಲ್ಲಿ ಪರಿಷತ್ತಿನ ನಿಲುವು ನಮಗೆ ಸಮ್ಮತ.

ಲಿಂಗವೆಂದು ಹೇಳಿ ಕೀಳಾಗಿ ಕಾಣಲೂ ಬಾರದು. ಕೆಲವು ವರ್ಷಗಳ ಹಿಂದೆ ಬಾಳೆಗುಳಿಯ ನಮ್ಮ ನೆರೆಯ ಹಿರಿಯರೊಬ್ಬರು ರಾತ್ರಿ "ಎದೆ ಉರೀತದೆ ಭಟ್ಟರೇ" ಎಂದು ಬಂದರು. ಅಮ್ಲಪಿತ್ತವೆಂದು ಬಗೆದು ಜೀರಿಗೆ ಕಷಾಯ ಕುಡಿಯಹೇಳಿದೆವು. ಬೆಳಗ್ಗೆ ತೆಗೆಸಿದ ಇಸಿಜಿ ಹೃದಯಾಘಾತವನ್ನು ತೋರಿಸಿತು. ಗ್ರಂಥ ಓದಿದ ಅಹಂಕಾರ ನಮ್ಮದು, ತಪ್ಪೂ ನಮ್ಮದು. ರಾಜ್ಯಸರಕಾರವು 2023ರಲ್ಲಿ ಆರಂಭಿಸಿದ ಡಾ. ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳ ಇಸಿಜಿಯನ್ನು ಕೃತಕಬುದ್ಧಿಯ ನೆರವಿನಿಂದ ಕೆಲವೇ ನಿಮಿಷಗಳಲ್ಲಿ ಪರಿಶೀಲಿಸಿ, ರಕ್ತದ ಹೆಪ್ಪನ್ನು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ಏರ್ಪಾಡುಂಟು. ದೊಡ್ಡ ಆಸ್ಪತ್ರೆ ಬೇಕೆಂದು 2022ರ ಜುಲೈಯಲ್ಲಿ ಒಕ್ಕೊರಲಿನಿಂದ ಕೇಳಿದ ಈ ಜಿಲ್ಲೆಯ ಜನಕ್ಕೆ ಆ ನಿಮಿಷಗಳ ಬೆಲೆ ಗೊತ್ತು.

ಆದರೆ ಆ ರಾತ್ರಿ ಯಂತ್ರವಿದ್ದರೂ ರೋಗಿಯನ್ನು ಅದರ ಮುಂದೆ ಮಲಗಿಸಬೇಕೆಂದು ಯಾರಿಗಾದರೂ ತೋಚಬೇಕಿತ್ತು. ವಾಗ್ಭಟನು ದರ್ಶನ, ಸ್ಪರ್ಶನ, ಪ್ರಶ್ನ ಎಂದು ಮೂರು ಪರೀಕ್ಷೆಗಳನ್ನು ಹೇಳಿದನು. ಮೊದಲನೆಯದರಲ್ಲಿ ಯಂತ್ರವು ನಮ್ಮನ್ನು ಮೀರಿತು. ಮೂರನೆಯದರಲ್ಲಿ, ಉರಿಯು ಎಡತೋಳಿಗೂ ಹಬ್ಬಿದೆಯೇ ಎಂದು ನಾವು ಆ ಹಿರಿಯರನ್ನು ಕೇಳಲಿಲ್ಲ. ಮರುದಿನ ಆಂಬುಲೆನ್ಸು ಬಾಳೆಗುಳಿ ಕ್ರಾಸಿಗೆ ಬಂದಾಗ, ಹುಬ್ಬಳ್ಳಿಗೆ ಘಟ್ಟ ಹತ್ತುವುದೋ ಮಂಗಳೂರಿನ ಕಡೆ ತಿರುಗುವುದೋ ಎಂದು ಚಾಲಕನು ನಮ್ಮನ್ನೇ ಕೇಳಿದನು.