ಸೂಚ್ಯಂಕಕ್ಕೆ ಸಿಗದ ಊರುಗಳು

ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯ ವರದಿಯನ್ನು ಓದಿದವರಿಗಿಂತ ಅದರ ಹೆಸರು ಹೇಳಿ ಭಾಷಣ ಮಾಡಿದವರ ಸಂಖ್ಯೆ ದೊಡ್ಡದು. 2002ರಲ್ಲಿ ಸರಕಾರದ ಕೈಸೇರಿದ ಆ ವರದಿ ಅಂದಿನ 175 ತಾಲೂಕುಗಳ ಪೈಕಿ 114 ಹಿಂದುಳಿದಿವೆ ಎಂದಿತು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು. ಈ 39ರಲ್ಲಿ 21 ಕಲಬುರಗಿ ವಿಭಾಗಕ್ಕೇ ಸೇರಿದ್ದವು. ಕುಷ್ಟಗಿ ಮತ್ತು ಯಲಬುರ್ಗಾ ಆ ಪಟ್ಟಿಯಲ್ಲಿದ್ದವು, ಗಂಗಾವತಿ ಇರಲಿಲ್ಲ. ಒಂದೇ ಜಿಲ್ಲೆಯೊಳಗಿನ ಈ ಅಂತರವನ್ನು ಅಂಕಿಯಲ್ಲಿ ಹಿಡಿದು ತೋರಿಸಿದ್ದು ವರದಿಯ ದೊಡ್ಡ ಉಪಕಾರ. ಅದಕ್ಕೂ ಮೊದಲು ಹಿಂದುಳಿದಿರುವಿಕೆ ನಮ್ಮ ಹಣೆಬರಹವಾಗಿತ್ತು, ಅನಂತರ ಅದು ಆಡಳಿತದ ಲೋಪವೆಂದು ದಾಖಲಾಯಿತು.

ಆದರೆ ಉಪಕಾರ ಅಲ್ಲಿಗೇ ನಿಂತಿತು. ಸಮಿತಿ 35 ಮಾನದಂಡಗಳನ್ನು ಕೂಡಿಸಿ ಒಂದು ಸೂಚ್ಯಂಕ ಮಾಡಿತು. ಸರಕಾರಗಳು ಆ ಸೂಚ್ಯಂಕವನ್ನು ಕೋಟಿಗಳಾಗಿ ಅನುವಾದಿಸಿದವು. 2007-08ರಿಂದ ವಿಶೇಷ ಅಭಿವೃದ್ಧಿ ಯೋಜನೆ ಬಂತು, 2012ರ ಕೊನೆಯಲ್ಲಿ ಸಂಸತ್ತು 371(ಜೆ) ತಿದ್ದುಪಡಿಯನ್ನು ಅಂಗೀಕರಿಸಿತು, ಅದರ ಬೆನ್ನಿಗೆ ಅಭಿವೃದ್ಧಿ ಮಂಡಳಿ ಬಂತು. 2019ರಲ್ಲಿ ಹೈದರಾಬಾದ್ ಕರ್ನಾಟಕದ ಹೆಸರು ಕಲ್ಯಾಣ ಕರ್ನಾಟಕ ಎಂದಾಯಿತು. (ಹೆಸರು ಬದಲಿಸಲು ಮಾತ್ರ ಯಾವ ಟೆಂಡರೂ ಬೇಕಾಗಲಿಲ್ಲ.) ಕೋಟಿಗಳಿಂದ ಕಟ್ಟಡ ಏಳುತ್ತದೆ. ಆ ಕಟ್ಟಡದಲ್ಲಿ ಮೇಷ್ಟರು ಜೂನ್‌ನಿಂದ ಮಾರ್ಚ್‌ವರೆಗೆ ಇರುತ್ತಾರೆಯೇ, ರಾತ್ರಿ ಹತ್ತಕ್ಕೆ ಹೆರಿಗೆ ನೋವು ಬಂದವಳಿಗೆ ವೈದ್ಯರು ಸಿಗುತ್ತಾರೆಯೇ ಎಂಬುದು ಬೇರೆಯೇ ಪ್ರಶ್ನೆ. ಆ ಪ್ರಶ್ನೆಗೆ ಸೂಚ್ಯಂಕದಲ್ಲಿ ಅಂಕಣವಿಲ್ಲ.

ಕೊಪ್ಪಳ ರಾಯಚೂರಿನಿಂದ ಬೇರ್ಪಟ್ಟು ಜಿಲ್ಲೆಯಾದದ್ದು 1997ರಲ್ಲಿ. ಜಿಲ್ಲೆ ಒಂದಾದರೂ ನೆಲ ಎರಡು. ತುಂಗಭದ್ರಾ ಎಡದಂಡೆ ಕಾಲುವೆ ಹರಿಯುವ ಗಂಗಾವತಿಯ ಕಡೆ ಭತ್ತದ ಗದ್ದೆ, ಅಕ್ಕಿ ಗಿರಣಿ. ಕುಷ್ಟಗಿ, ಯಲಬುರ್ಗಾದ ಕಡೆ ಮಳೆ ನಂಬಿದ ಬೇಸಾಯ. ಇವೆರಡನ್ನೂ ಕೂಡಿಸಿ ಸರಾಸರಿ ತೆಗೆದರೆ ಇಬ್ಬರಿಗೂ ಅನ್ಯಾಯ. 2011ರ ಜನಗಣತಿಯ ಪ್ರಕಾರ ಜಿಲ್ಲೆಯ ಸಾಕ್ಷರತೆ ಶೇ. 68, ಮಹಿಳೆಯರದ್ದು ಶೇ. 57ರ ಆಸುಪಾಸು. ಈ ಸಂಖ್ಯೆಯೊಳಗೆ ಗಂಗಾವತಿಯ ಗಿರಣಿ ಮಾಲಕರ ಮನೆಯೂ ಇದೆ, ಅದೇ ಗಿರಣಿಯಲ್ಲಿ ಚೀಲ ಹೊರುವವನ ಜೋಪಡಿಯೂ ಇದೆ. ತಾಲೂಕು ಮುಂದಿದೆ ಎಂದಾಗ ಮುಂದಿರುವುದು ಯಾರು ಎಂದು ಕೇಳುವವರಿಲ್ಲ.

ಶಾಲೆಯ ಮಾತಿಗೆ ಬರೋಣ. ಸುಗ್ಗಿ ಮುಗಿದು ಊರಲ್ಲಿ ಕೂಲಿ ಇಲ್ಲದಾದಾಗ ಕುಷ್ಟಗಿ, ಯಲಬುರ್ಗಾದ ಬಡ ಕುಟುಂಬಗಳು ಬೆಂಗಳೂರು, ಮಂಗಳೂರು, ಗೋವಾ ಎಂದು ಗುಳೆ ಹೊರಡುತ್ತವೆ. ಹಾಜರಿ ಪುಸ್ತಕದಲ್ಲಿ ಮಗುವಿನ ಹೆಸರಿರುತ್ತದೆ, ಮಗು ಕಟ್ಟಡ ಕಟ್ಟುವ ಜಾಗದಲ್ಲಿ ತಂಗಿಯನ್ನು ಎತ್ತಿಕೊಂಡಿರುತ್ತದೆ. ಇತ್ತ ಶಾಲೆ ತೆರೆದ ಮೇಲೆ ಅತಿಥಿ ಶಿಕ್ಷಕರ ನೇಮಕ, ಅನಂತರ ಅವರ ಗೌರವಧನಕ್ಕಾಗಿ ಕಾಯುವಿಕೆ. 2022ರಲ್ಲಿ ರಾಜ್ಯ 15 ಸಾವಿರ ಪದವೀಧರ ಪ್ರಾಥಮಿಕ ಶಿಕ್ಷಕರ ನೇಮಕಕ್ಕೆ ಹೊರಟಾಗ 5 ಸಾವಿರ ಹುದ್ದೆಗಳನ್ನು ಈ ಭಾಗಕ್ಕೆಂದೇ ಇಟ್ಟಿತು. ಆ ನೇಮಕಾತಿ ನ್ಯಾಯಾಲಯದ ಮೆಟ್ಟಿಲು ಹತ್ತಿ ವಿಳಂಬವಾಯಿತು. ನಷ್ಟವಾದ ಆ ತಿಂಗಳುಗಳನ್ನು ಐದನೇ ತರಗತಿಯ ಹುಡುಗಿಗೆ ಯಾರೂ ಮರಳಿಸಲಾರರು.

ಅದೇ ಶಾಲೆಯ ತಟ್ಟೆಯ ಬಗ್ಗೆ ನಡೆದ ಜಗಳವನ್ನು ಓದುಗರು ಮರೆತಿರಲಾರರು. 2021ರ ಡಿಸೆಂಬರ್‌ನಲ್ಲಿ ಕೊಪ್ಪಳ ಸೇರಿ ಏಳು ಹಿಂದುಳಿದ ಜಿಲ್ಲೆಗಳ ಬಿಸಿಯೂಟಕ್ಕೆ ಮೊಟ್ಟೆ ಬಂತು, ತಿನ್ನದವರಿಗೆ ಬಾಳೆಹಣ್ಣು ಎಂಬ ಆಯ್ಕೆಯೂ ಇತ್ತು. ಕೆಲವು ಮಠಾಧೀಶರು ವಿರೋಧಿಸಿದರು. ಆಗ ಗಂಗಾವತಿಯ ಶಾಲಾ ಬಾಲಕಿಯೊಬ್ಬಳು, ನಮಗೆ ಮೊಟ್ಟೆ ಬೇಕು, ಬೇಡವೆನ್ನಲು ನೀವು ಯಾರು ಎಂಬರ್ಥದಲ್ಲಿ ಕೇಳಿದ ಮಾತು ರಾಜ್ಯವೆಲ್ಲ ಹರಿದಾಡಿತು. ನಂಜುಂಡಪ್ಪ ವರದಿಯ ಪುಟಗಳಲ್ಲಿ ಇಲ್ಲದ ದನಿ ಅದು. ಮುಂದಿನ ವರ್ಷಗಳಲ್ಲಿ ಮೊಟ್ಟೆ ರಾಜ್ಯದ ಎಲ್ಲ ಜಿಲ್ಲೆಗಳಿಗೂ ವಿಸ್ತರಣೆಯಾಯಿತು. ಈ ಕಡೆಯ ಒಂದು ಸೇವೆ ಗಟ್ಟಿಯಾಗಿ ನಿಂತದ್ದಿದ್ದರೆ ಅದು ಇದೇ, ಅದನ್ನು ಪಡೆಯುವವರೇ ಬಾಯಿಬಿಟ್ಟು ಕೇಳಿದ್ದರಿಂದ.

ಆರೋಗ್ಯದ ವಿಷಯದಲ್ಲಿ 2015ರಲ್ಲಿ ಕೊಪ್ಪಳದಲ್ಲಿ ಸರಕಾರಿ ವೈದ್ಯಕೀಯ ಕಾಲೇಜು ಆರಂಭವಾದದ್ದು ನಿಜಕ್ಕೂ ದೊಡ್ಡ ಹೆಜ್ಜೆ. ಅದನ್ನು ಲಘುವಾಗಿ ಕಾಣುವವರು ಅದಿಲ್ಲದ ದಿನಗಳನ್ನು ಕಂಡವರಲ್ಲ. ಆದರೂ 'ರೆಫರ್' ಎಂಬ ಶಬ್ದ ನಮ್ಮ ಹಳ್ಳಿಗಳಲ್ಲಿ ಕನ್ನಡವೇ ಆಗಿಬಿಟ್ಟಿದೆ. ಹಳ್ಳಿಯಿಂದ ತಾಲೂಕಿಗೆ, ತಾಲೂಕಿನಿಂದ ಜಿಲ್ಲೆಗೆ, ಅಲ್ಲಿಂದ ಹುಬ್ಬಳ್ಳಿಗೋ ಬಳ್ಳಾರಿಗೋ. ಪ್ರತಿ ಹಂತದಲ್ಲೂ ರೋಗಿಯ ಜೊತೆಗೆ ಅವನ ಸಾಲವೂ ಮುಂದೆ ಹೋಗುತ್ತದೆ.

ಇನ್ನು ರೋಗ ಹುಟ್ಟುವ ಜಾಗ ನೀರು. ಕೊಳವೆಬಾವಿಯ ಫ್ಲೋರೈಡ್ ಈ ಜಿಲ್ಲೆಯ ಹಳೆಯ ಶಾಪ. 2023ರಲ್ಲಿ ಕುಷ್ಟಗಿ ತಾಲೂಕಿನ ಬಿಜಕಲ್ ಮತ್ತು ಕನಕಗಿರಿ ತಾಲೂಕಿನ ಬಸರಿಹಾಳದಲ್ಲಿ ವಾಂತಿಭೇದಿಯಿಂದ ಜನ ಸತ್ತರು, ಅವರಲ್ಲಿ ಮಕ್ಕಳೂ ಇದ್ದರು. ಕಲುಷಿತ ನೀರೇ ಕಾರಣವೆಂದು ಊರವರು ಹೇಳಿದರು. ಆಮೇಲೆ ಅಧಿಕಾರಿಗಳ ಭೇಟಿ, ಅಮಾನತು, ತನಿಖೆ. ತುಂಗಭದ್ರೆಯ ಅಣೆಕಟ್ಟಿನ ಒಂದು ತುದಿ ಇರುವ ಜಿಲ್ಲೆಯಲ್ಲಿ ನೀರು ಕುಡಿದು ಸಾಯುವುದೆಂದರೇನು?

ಮನೆಗಳ ಕಥೆ ಇನ್ನೂ ವಿಚಿತ್ರ. 2025ರ ಜುಲೈ ಕೊನೆಗೆ ಲೋಕಾಯುಕ್ತ ಪೊಲೀಸರು ಕೊಪ್ಪಳದಲ್ಲಿ, ಸರಕಾರಿ ಕಾಮಗಾರಿ ನಡೆಸುವ ನಿಗಮವೊಂದರ ಮಾಜಿ ಗುಮಾಸ್ತರೊಬ್ಬರ ಮೇಲೆ ದಾಳಿ ಮಾಡಿದರು. ತಿಂಗಳಿಗೆ 15 ಸಾವಿರ ಸಂಬಳವಿದ್ದವರ ಬಳಿ 24 ಮನೆಗಳ ದಾಖಲೆ ಸಿಕ್ಕಿದೆ ಎಂದು ವರದಿಯಾಯಿತು. ಆರೋಪವಿನ್ನೂ ನ್ಯಾಯಾಲಯದಲ್ಲಿ ಸಾಬೀತಾಗಬೇಕು, ತೀರ್ಪು ನಮ್ಮ ಕೆಲಸವಲ್ಲ. ಆದರೆ ಅದೇ ವರ್ಷ ವಸತಿ ಯೋಜನೆಗಳಲ್ಲಿ ಅಲ್ಪಸಂಖ್ಯಾತರ ಪಾಲನ್ನು ಶೇ. 10ರಿಂದ 15ಕ್ಕೆ ಏರಿಸಲು ಸಂಪುಟ ತೀರ್ಮಾನಿಸಿದಾಗ ಎದ್ದ ಗದ್ದಲ ನೋಡಿದರೆ, ಬಡವರ ಮನೆಯನ್ನೆಲ್ಲ ನಾವೇ ಕಸಿದುಕೊಂಡೆವೇನೋ ಅನಿಸುತ್ತಿತ್ತು. ಪರವಾಗಿ ಕುಣಿದವರೂ ವಿರೋಧವಾಗಿ ಕೂಗಿದವರೂ ಒಂದು ಸರಳ ಸಂಗತಿಯನ್ನು ಬಿಟ್ಟರು. ಮನೆ ಮಂಜೂರಾಗಲು ಮೊದಲು ನಿವೇಶನವಿರಬೇಕು. ನಿವೇಶನವಿಲ್ಲದ ಹಮಾಲನಿಗೆ ಶೇ. 10 ಆದರೇನು, 15 ಆದರೇನು? ನಿವೇಶನವಿದ್ದವನಿಗೂ ಪ್ರಧಾನಮಂತ್ರಿ ಗ್ರಾಮೀಣ ವಸತಿ ಯೋಜನೆಯಲ್ಲಿ ಬಯಲುಸೀಮೆಗೆ ಸಿಗುವುದು 1.20 ಲಕ್ಷ ರೂಪಾಯಿ, ಅದೂ ಕಂತಿನಲ್ಲಿ. ಒಂದು ಹಂತದ ಗೋಡೆ ಎದ್ದಮೇಲೆ ಮುಂದಿನ ಕಂತು. ನಡುವಿನ ಸಾಲದ ಬಡ್ಡಿಯನ್ನು ಯಾವ ಯೋಜನೆಯೂ ಲೆಕ್ಕ ಹಿಡಿಯುವುದಿಲ್ಲ.

ಇಲ್ಲಿ ನಮ್ಮ ಸಮುದಾಯದ ಬಗ್ಗೆಯೂ ಎರಡು ಮಾತು ಹೇಳಲೇಬೇಕು. ಚುನಾವಣೆ ಹತ್ತಿರ ಬಂದಾಗ ನಮ್ಮ ಮುಖಂಡರು ಶಾಸಕರ ಮುಂದಿಡುವ ಮನವಿಯಲ್ಲಿ ಏನಿರುತ್ತದೆ? ಶಾದಿ ಮಹಲ್, ಖಬರಸ್ತಾನದ ಆವರಣ ಗೋಡೆ. 2013ರಲ್ಲಿ ಬಂದ ಶಾದಿ ಭಾಗ್ಯಕ್ಕೆ ನಾವು ಹಾಕಿದ ಚಪ್ಪಾಳೆಯ ಕಾಲು ಭಾಗವನ್ನಾದರೂ ಉರ್ದು ಶಾಲೆಯ ಖಾಲಿ ಹುದ್ದೆಗಾಗಿ ಬೀದಿಗಿಳಿಯಲು ಖರ್ಚು ಮಾಡಿದೆವೇ? ಒಂದರಿಂದ ಎಂಟನೇ ತರಗತಿಯ ಅಲ್ಪಸಂಖ್ಯಾತ ವಿದ್ಯಾರ್ಥಿವೇತನವನ್ನು ಕೇಂದ್ರ 2022ರಲ್ಲಿ ನಿಲ್ಲಿಸಿತು. ಶಿಕ್ಷಣ ಹಕ್ಕು ಕಾಯ್ದೆಯೇ ಇರುವಾಗ ಇದೇಕೆ ಎಂಬುದು ಕೊಟ್ಟ ಕಾರಣ. ನಮ್ಮ ಪ್ರತಿಭಟನೆ ಪತ್ರಿಕಾ ಹೇಳಿಕೆಯಲ್ಲಿ ಮುಗಿಯಿತು. ಮದುವೆ ಮನೆಗೂ ಮಸಣಕ್ಕೂ ನಡುವೆ ಮನುಷ್ಯ ಬದುಕಬೇಕಾದ ವರ್ಷಗಳಿವೆಯೆಂಬುದು ನಮ್ಮ ಮನವಿಪತ್ರಗಳಿಗೆ ಗೊತ್ತಿದ್ದಂತಿಲ್ಲ.

ಗವಿಮಠ ಇದೇ ಜಿಲ್ಲೆಯಲ್ಲಿ ಸಾವಿರಾರು ಬಡ ಮಕ್ಕಳಿಗೆ ಊಟ, ವಸತಿ ಕೊಡುತ್ತಿದೆ. 2022ರಲ್ಲಿ 5 ಸಾವಿರ ವಿದ್ಯಾರ್ಥಿಗಳ ಹಾಸ್ಟೆಲಿಗಾಗಿ ನೆರವು ಕೇಳುತ್ತ ಸ್ವಾಮೀಜಿಯವರು ವೇದಿಕೆಯ ಮೇಲೆ ಕಣ್ಣೀರು ಹಾಕಿದರು. ಆ ಸೇವೆಗೆ ನಮ್ಮ ಗೌರವವಿದೆ. ಅಷ್ಟೊಂದು ಮಕ್ಕಳು ಮಠದ ಬಾಗಿಲಿಗೆ ಬಂದು ನಿಲ್ಲುವಂತೆ ಮಾಡಿದ್ದು ಮಾತ್ರ ಸರಕಾರವೇ. ಮರುವರ್ಷವೇ ಕೊಪ್ಪಳಕ್ಕೆ ವಿಶ್ವವಿದ್ಯಾಲಯ ಬಂತು. 2025ರಲ್ಲಿ ಸಂಪುಟ ಉಪಸಮಿತಿ ಮುಚ್ಚಬಹುದೆಂದ ಒಂಬತ್ತರಲ್ಲಿ ಅದೂ ಒಂದಾಯಿತು.

2024ರಲ್ಲಿ ಪ್ರೊ. ಎಂ. ಗೋವಿಂದ ರಾವ್ ಅಧ್ಯಕ್ಷತೆಯಲ್ಲಿ ಪ್ರಾದೇಶಿಕ ಅಸಮತೋಲನದ ಬಗ್ಗೆ ಇನ್ನೊಂದು ಸಮಿತಿ ರಚನೆಯಾಯಿತು. ಹೊಸ ಅಂಕಿ, ಹೊಸ ಶ್ರೇಣಿ ಬರಲಿ. ನಾವು ನೋಡುವುದು ಗ್ರಾಮಸಭೆಯನ್ನು. ಕಾನೂನಿನ ಪ್ರಕಾರ ಮನೆಯ ಫಲಾನುಭವಿಗಳ ಆಯ್ಕೆಯಾಗಬೇಕಾದದ್ದು ಅಲ್ಲೇ. ಯಲಬುರ್ಗಾದ ಯಾವುದೋ ಹಳ್ಳಿಯಲ್ಲಿ ಆ ಪಟ್ಟಿಯನ್ನು ಓದುವ ದಿನ, ಪಟ್ಟಿಯಲ್ಲಿ ಇರಬೇಕಾದವರು ಗೋವಾದಲ್ಲಿ ಬೇರೆಯವರ ಮನೆಗೆ ಇಟ್ಟಿಗೆ ಹೊರುತ್ತಿರುತ್ತಾರೆ.