ತಪ್ಪೊಪ್ಪಿಗೆಯಿಂದ ಪಶ್ಚಾತ್ತಾಪದವರೆಗೆ

ಪಾಪವನ್ನು ಬಾಯಿಬಿಟ್ಟು ಹೇಳಿದೊಡನೆ ಮನಸ್ಸು ಹಗುರವಾಗುತ್ತದೆ ಎಂದು ನಾವೆಲ್ಲ ನಂಬುತ್ತೇವೆ. ರಷ್ಯಾದ ದಾಸ್ತೋವ್ಸ್ಕಿ 1866ರಲ್ಲಿ ಪ್ರಕಟವಾದ ತಮ್ಮ 'ಅಪರಾಧ ಮತ್ತು ಶಿಕ್ಷೆ' ಕಾದಂಬರಿಯಲ್ಲಿ ಈ ನಂಬಿಕೆಯನ್ನು ಒರೆಗೆ ಹಚ್ಚುತ್ತಾರೆ. ಗುರುಮಠದ ವಿದ್ಯಾರ್ಥಿಯಾಗಿದ್ದಾಗ ನಾನಿದನ್ನು ಕೊಲೆಯ ಕಥೆಯೆಂದು ಓದಿದ್ದೆ. ಹಲವು ವರ್ಷ ಪಾಪನಿವೇದನೆ ಕೇಳಿದ ಮೇಲೆ ಮತ್ತೆ ಓದಿದಾಗ ಇದು ತಪ್ಪೊಪ್ಪಿಗೆಯ ಕಥೆಯೆನಿಸಿತು.

ಓದು ಬಿಟ್ಟ ಬಡ ಯುವಕ ರಸ್ಕೋಲ್ನಿಕೋವ್ ಗಿರವಿ ವ್ಯಾಪಾರದ ಮುದುಕಿಯನ್ನು ಕೊಡಲಿಯಿಂದ ಕೊಲ್ಲುತ್ತಾನೆ. ಅನಿರೀಕ್ಷಿತವಾಗಿ ಒಳಬಂದ ಆಕೆಯ ತಂಗಿ ಲಿಜವೇತಳನ್ನೂ ಕೊಲ್ಲುತ್ತಾನೆ. ಜ್ವರ, ಭಯ, ಸಂಶಯಗಳಲ್ಲಿ ಬೆಂದು, ಕೊನೆಗೆ ಸೋನ್ಯಳೆದುರು ಸತ್ಯವನ್ನು ತೆರೆದಿಡುತ್ತಾನೆ. ಮನೆಯವರ ಹಸಿವು ನೀಗಿಸಲು ದೇಹ ಮಾರಿಕೊಂಡ ಈ ಹೆಣ್ಣೇ ಅವನಿಗೆ ಲಾಜರನು ಜೀವಂತನಾಗಿ ಎದ್ದುಬಂದ ಶುಭಸಂದೇಶದ ಭಾಗವನ್ನು ಓದಿ ಹೇಳಿದವಳು. ಅವಳ ಮಾತಿನಂತೆ ಅವನು ಸಂತೆಯ ಚೌಕದಲ್ಲಿ ಮಂಡಿಯೂರಿ ನೆಲಕ್ಕೆ ಮುತ್ತಿಡುತ್ತಾನೆ. ಕುಡುಕನೆಂದು ಜನ ನಗುತ್ತಾರೆ. ಪೊಲೀಸ್ ಠಾಣೆಗೆ ಹೋದವನು ಏನೂ ಹೇಳದೆ ಹೊರಬರುತ್ತಾನೆ. ಅಲ್ಲಿ ನಿಂತಿದ್ದ ಸೋನ್ಯಳ ಮುಖ ಕಂಡು, ಹಿಂದಿರುಗಿ ಒಪ್ಪಿಕೊಳ್ಳುತ್ತಾನೆ.

ಆದರೂ ಅವನಿಗೆ ನೆಮ್ಮದಿ ದೊರೆಯುವುದಿಲ್ಲ. ಸೈಬೀರಿಯದ ಸೆರೆಯಲ್ಲಿ ಅವನನ್ನು ಕಾಡುವುದು ಕೊಲೆಯಲ್ಲ, ತಾನು ಸೋತೆನೆಂಬ ಅವಮಾನ. ಕಾದಂಬರಿಯ ಹಿರಿಮೆ ಇರುವುದು ಇಲ್ಲಿಯೇ. ಗಾಯಗೊಂಡ ಅಹಂಕಾರವೂ ಪಾಪಪ್ರಜ್ಞೆಯ ವೇಷ ತೊಡಬಲ್ಲದು. 'ನಾನು ಇಂಥವನಾದೆನೇ' ಎಂಬ ಕೊರಗು ಬೇರೆ, 'ನನ್ನಿಂದ ಅವರು ನೊಂದರಲ್ಲ' ಎಂಬ ದುಃಖ ಬೇರೆ. ಪಶ್ಚಾತ್ತಾಪ, ನಿವೇದನೆ, ಪ್ರಾಯಶ್ಚಿತ್ತ ಎಂದು ಧರ್ಮಸಭೆ ಹೇಳುವಾಗ ಪಶ್ಚಾತ್ತಾಪವನ್ನು ಮೊದಲಿಡುವುದು ಇದಕ್ಕಾಗಿಯೇ.

ತಪಸ್ಸುಕಾಲದ ನಡುವಿನಿಂದ ಪಾಸ್ಕ ಹಬ್ಬ ಕಳೆಯುವವರೆಗೂ ಅವನು ಆಸ್ಪತ್ರೆಯಲ್ಲಿರುತ್ತಾನೆ. ಬಳಿಕ ಒಂದು ಮುಂಜಾನೆ ನದಿಯ ದಡದಲ್ಲಿ ಸೋನ್ಯಳ ಪಾದದ ಬಳಿ ಕುಸಿದು ಅಳುತ್ತಾನೆ. ಪ್ರೀತಿ ಅವನನ್ನು ಎಬ್ಬಿಸುತ್ತದೆ. ಇದು ಹೃದಯಸ್ಪರ್ಶಿ ದೃಶ್ಯ. ಆದರೂ ನನ್ನದೊಂದು ಆಕ್ಷೇಪವಿದೆ. ಹೊಸ ಬದುಕಿನ ಸಂಭ್ರಮದಲ್ಲಿ ತನ್ನ ಅಪರಾಧವೇ ಅವನಿಗೆ ಹೊರಗಿನ, ಅಪರಿಚಿತ ಸಂಗತಿಯಾಗಿ ತೋರುತ್ತದೆ. ಹಾಗಾದರೆ ಲಿಜವೇತಳ ಗತಿಯೇನು? ಅವಳ ನೆನಪು ತನಗೇಕೆ ಬರುವುದಿಲ್ಲವೆಂದು ಹಿಂದೊಮ್ಮೆ ಅವನೇ ಅಚ್ಚರಿಪಟ್ಟಿದ್ದ. ಅವನ ದಿಂಬಿನಡಿಯಿರುವ ಹೊಸ ಒಡಂಬಡಿಕೆಯನ್ನು ಸೋನ್ಯಳಿಗೆ ತಂದುಕೊಟ್ಟಿದ್ದವಳು ಅದೇ ಲಿಜವೇತ! ಕಾದಂಬರಿಕಾರರು ಆ ಸುಳಿವನ್ನು ಉಳಿಸಿದ್ದಾರೆ. ಆದರೆ ಕಥಾನಾಯಕ ಅದನ್ನು ಗುರುತಿಸಿದನೆಂದು ಹೇಳುವುದಿಲ್ಲ.

ಜಕ್ಕಾಯನು ಯೇಸುವಿನೆದುರು ತಾನು ಮೋಸಮಾಡಿದವರನ್ನೂ ನೆನೆದ; ನಾಲ್ಕುಪಟ್ಟು ಹಿಂದಿರುಗಿಸುವೆನೆಂದ. ಸರತಿಯ ಸಾಲು ಉದ್ದವಾಗಿದ್ದಾಗ ಮೂರು ಜಪಗಳನ್ನು ಪ್ರಾಯಶ್ಚಿತ್ತವಾಗಿ ವಿಧಿಸಿ, ನೊಂದವರ ಬಗ್ಗೆ ಒಂದು ಮಾತೂ ಕೇಳದೆ ಕಳುಹಿಸಿದ ದಿನಗಳು ನನ್ನ ಸೇವೆಯಲ್ಲೂ ಇವೆ. ಈ ಕಾದಂಬರಿ ನನ್ನನ್ನು ಎಚ್ಚರಿಸಿದ್ದು ಅಲ್ಲಿಯೇ. ದೇವರ ಕ್ಷಮೆ ಉಚಿತ, ಅದರಲ್ಲಿ ಸಂದೇಹವಿಲ್ಲ. ಆ ಕ್ಷಮೆಯನ್ನು ಪಡೆದು ದೇವಾಲಯದ ಮೆಟ್ಟಿಲಿಳಿಯುವಾಗ, ಪ್ರಿಯ ಓದುಗರೇ, ನಮ್ಮಿಂದ ನೊಂದವರ ಮುಖ ಮನಸ್ಸಿನಲ್ಲಿರಲಿ, ಅವರ ಮನೆಯ ದಾರಿಯೂ ನೆನಪಿರಲಿ.