ಖರಾಬು ಜಾಗದ ಹಾಡುಗಳು

ಅಕ್ಕನ ಮಗ ದಿನಾ ಬೆಳಿಗ್ಗೆ ಮಾರಿಕುಪ್ಪಂನಲ್ಲಿ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗುತ್ತಾನೆ. ಚಿನ್ನದ ಗಣಿ 2001ರ ಫೆಬ್ರುವರಿ 28ರಂದು ಮುಚ್ಚಿದ ಮೇಲೆ ಕೆಜಿಎಫ್‌ನ ಎಷ್ಟೋ ಮನೆಗಳಿಗೆ ಅನ್ನ ಹುಟ್ಟುವುದು ಈ ರೈಲಿನಿಂದಲೇ. ಹೋಗಲು ಎರಡು ಗಂಟೆ, ಬರಲು ಎರಡು ಗಂಟೆ. ಹೋದ ತಿಂಗಳು ಫೋನ್ ಮಾಡಿದವನು, ‘ಮಾವ, ಈಗೀಗ ಯಾವ ಹಾರ್ಡ್‌ಕೋರ್ ಕೇಳ್ತಿದ್ದೀರ? ರಾಕ್ ಆದ್ರೂ ಸರಿ, ಒಂದಷ್ಟು ಹಾಕಿ ಕಳ್ಸಿ’ ಅಂದ.

ನನಗೆ ರಾಬರ್ಟ್‌ಸನ್‌ಪೇಟೆಯ ರೆಕಾರ್ಡಿಂಗ್ ಅಂಗಡಿ ನೆನಪಾಯಿತು. ಚೀಟಿಯಲ್ಲಿ ಹಾಡುಗಳ ಹೆಸರು ಬರೆದು, ತೊಂಬತ್ತು ನಿಮಿಷದ ಖಾಲಿ ಕ್ಯಾಸೆಟ್ ಜೊತೆ ಕೊಟ್ಟು ಬಂದರೆ ಎರಡು ದಿನ ಬಿಟ್ಟು ಸಿಗುತ್ತಿತ್ತು. ಒಂದು ಬದಿಗೆ ನಲವತ್ತೈದು ನಿಮಿಷ. ಲೆಕ್ಕ ತಪ್ಪಿದರೆ ಕೊನೆಯ ಹಾಡು ಅರ್ಧಕ್ಕೇ ತುಂಡಾಗುತ್ತಿತ್ತು. ಆದ್ದರಿಂದ ಯಾವುದು ಬೇಕು, ಯಾವುದು ಬೇಡ, ಯಾವುದರ ಹಿಂದೆ ಯಾವುದು ಬರಬೇಕು ಎಂದು ರಾತ್ರಿಯೆಲ್ಲಾ ಯೋಚಿಸುತ್ತಿದ್ದೆವು. ಅದೇ ಶಿಸ್ತಿನಲ್ಲಿ ಇವನಿಗೂ ಪಟ್ಟಿ ಮಾಡಲು ಕೂತೆ. ಮಾಡುತ್ತಾ ಮಾಡುತ್ತಾ ಗೊತ್ತಾದ ಸಂಗತಿಯೊಂದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಈಗ ಇರುವುದು ಮದರಾಸಿನ ಉತ್ತರದ ತುದಿಯಲ್ಲಿರುವ ಎಣ್ಣೂರಿನಲ್ಲಿ. ಅಶೋಕ್ ಮೋಟಾರ್ಸ್ 1948ರಲ್ಲಿ ಇಲ್ಲೇ ಶುರುವಾಗಿ ಮುಂದೆ ಅಶೋಕ್ ಲೇಲ್ಯಾಂಡ್ ಆಯಿತು. 1970ರಲ್ಲಿ ಉಷ್ಣ ವಿದ್ಯುತ್ ಸ್ಥಾವರ ಬಂತು, 2001ರಲ್ಲಿ ಬಂದರು ಬಂತು. ಊರಿನ ಪಕ್ಕದಲ್ಲಿ ಕೊಸಸ್ತಲೈ ನದಿ ಸಮುದ್ರ ಸೇರುವ ಅಳಿವೆಯಿದೆ. ಇಲ್ಲಿನ ಉಷ್ಣ ಸ್ಥಾವರಗಳ ಹಾರುಬೂದಿಯನ್ನು ನೀರಿನಲ್ಲಿ ಕಲಸಿ ಪೈಪಿನಲ್ಲಿ ಸಾಗಿಸುವಾಗ ಸೋರಿದ್ದು ಸೋರಿದ್ದೇ, ಅಳಿವೆಯ ತಳವೆಲ್ಲ ಬೂದಿ. ಸೊಂಟದುದ್ದ ನೀರಿನಲ್ಲಿ ನಿಂತು ಬರಿಗೈಯಲ್ಲಿ ಸಿಗಡಿ ಹಿಡಿಯುವ ಹೆಂಗಸರನ್ನು ನಾನು ನೋಡಿದ್ದೇನೆ. ಕೆಸರಿನಲ್ಲಿ ಕೈಯಾಡಿಸಿ ಹಿಡಿದದ್ದನ್ನು ಹಲ್ಲಲ್ಲಿ ಕಚ್ಚಿಕೊಂಡ ಬುಟ್ಟಿಗೆ ಹಾಕುತ್ತಾ ಹೋಗುತ್ತಾರೆ. ಮೇಲೆದ್ದಾಗ ಮೊಣಕೈವರೆಗೂ ಸಿಮೆಂಟ್ ಮೆತ್ತಿದ ಹಾಗೆ ಬೂದು ಬಣ್ಣ. ಕೆಜಿಎಫ್‌ನಲ್ಲಿ ಹುಟ್ಟಿದವನಿಗೆ ಆ ಬಣ್ಣದ ಪರಿಚಯ ಹೇಳಿಕೊಡಬೇಕಾಗಿಲ್ಲ. ನಮ್ಮಲ್ಲಿ ಚಿನ್ನ ತೆಗೆದು ಬಿಸಾಡಿದ ಪುಡಿ ಗುಡ್ಡಗಳಾಗಿ ನಿಂತಿದೆ, ಸೈನೈಡ್ ದಿಬ್ಬ ಅನ್ನುತ್ತೇವೆ. ಗಾಳಿ ಎದ್ದ ದಿನ ತಟ್ಟೆಯ ಅನ್ನದ ಮೇಲೂ ಅದೇ ಪುಡಿ.

ಹಾಗಾಗಿ ಎ ಬದಿಯ ಮೊದಲ ಹಾಡನ್ನು ಆರಿಸಲು ಕಷ್ಟವಾಗಲಿಲ್ಲ. 2017ರ ಸಂಕ್ರಾಂತಿಯ ಹೊತ್ತಿಗೆ ಬಂದ ‘ಚೆನ್ನೈ ಪೋರಂಬೋಕ್ ಪಾಡಲ್’. ಹಾಡಿದವರು ಟಿ.ಎಂ. ಕೃಷ್ಣ. ಬರೆದವರು ಕಬೇರ್ ವಾಸುಕಿ. ರಾಗ ಹೊಂದಿಸಿದವರು ಆರ್.ಕೆ. ಶ್ರೀರಾಮ್‌ಕುಮಾರ್. ಹಿಂದೆ ನಿಂತು ದುಡಿದವರು ಪರಿಸರ ಹೋರಾಟಗಾರ ನಿತ್ಯಾನಂದ ಜಯರಾಮನ್ ಮತ್ತು ಗೆಳೆಯರು. ಇದರಲ್ಲಿ ಗಿಟಾರ್ ಇಲ್ಲ, ಡ್ರಮ್ಸ್ ಇಲ್ಲ. ಪಿಟೀಲು, ಮೃದಂಗ, ಖಂಜಿರ ಇಟ್ಟುಕೊಂಡು ಹಾಡಿದ ರಾಗಮಾಲಿಕೆ. ‘ಹಾರ್ಡ್‌ಕೋರ್ ಕೇಳಿದ್ರೆ ಕಛೇರಿ ಕಳ್ಸಿದ್ದೀರಲ್ಲ ಮಾವ’ ಎಂದು ಹುಡುಗ ಗೊಣಗಿದ. ಆದರೂ ತೆಗೆಯಲಿಲ್ಲ.

ಯಾಕೆಂದರೆ ಹಾರ್ಡ್‌ಕೋರ್ ಹುಟ್ಟಿದ ಕತೆ ಹೀಗಿದೆ. 1980ರ ಸುಮಾರಿಗೆ ವಾಷಿಂಗ್ಟನ್ ನಗರದ ಒಂದಷ್ಟು ಹುಡುಗರಿಗೆ ದೊಡ್ಡ ಕಂಪನಿಗಳ ರಾಕ್ ಸಾಕಾಗಿತ್ತು. ಇಯಾನ್ ಮೆಕಾಯ್ ಮತ್ತು ಗೆಳೆಯರು ಡಿಸ್ಕಾರ್ಡ್ ಎಂಬ ಸ್ವಂತ ಕಂಪನಿ ಮಾಡಿ, ತಾವೇ ಹಾಡಿ, ತಾವೇ ರೆಕಾರ್ಡ್ ಮಾಡಿ, ಹೊದಿಕೆಯನ್ನೂ ತಾವೇ ಮಡಚಿ ಅಂಟಿಸಿ ಮಾರಿದರು. ಅದೇ ಊರಿನ ಬ್ಯಾಡ್ ಬ್ರೈನ್ಸ್ ಎಂಬ ಕಪ್ಪು ಕಲಾವಿದರ ತಂಡ ಎಲ್ಲರಿಗಿಂತ ಜೋರಾಗಿ ಬಾರಿಸುತ್ತಿತ್ತು. ಮೆಕಾಯ್ ಹಾಡುತ್ತಿದ್ದ ಮೈನರ್ ಥ್ರೆಟ್‌ನ ‘ಸ್ಟ್ರೇಟ್ ಎಡ್ಜ್’ ಹಾಡು ಬರೀ 46 ಸೆಕೆಂಡಿನದು. ಹೇಳಬೇಕಾದ್ದು ಮುಗಿಯಿತು, ಹಾಡೂ ಮುಗಿಯಿತು. ಆ ವೇಗ, ಆ ಕಿರುಚಾಟ ಕಿವಿಗೆ ಮೊದಲು ಬೀಳುತ್ತದೆ ನಿಜ. ಆದರೆ ಅದರ ಬೇರು ಇರುವುದು ನಮ್ಮ ಊರಲ್ಲಿ, ನಮ್ಮ ಬೀದಿಯಲ್ಲಿ ನಡೆಯುತ್ತಿರುವುದನ್ನು ಯಾರ ಅಪ್ಪಣೆಯೂ ಇಲ್ಲದೆ ನಾವೇ ಹೇಳುತ್ತೇವೆ ಎಂಬ ಹಟದಲ್ಲಿ. ಆ ಅಳತೆಗೋಲು ಹಿಡಿದು ನೋಡಿದರೆ, ಸಭಾಗಳ ಬಹುಮಾನ ಪಡೆದು ಬೆಳೆದ ವಿದ್ವಾಂಸನೊಬ್ಬ ಎಣ್ಣೂರಿನ ಹೊಗೆಗೊಳವೆಗಳನ್ನು ಹಿಂದಿಟ್ಟುಕೊಂಡು, ಮೂಗು ಬಾಯಿಗೆ ಮುಖಗವಸು ಹಾಕಿ ನಿಂತು, ಸಂಗೀತದ ವೇದಿಕೆಗೆ ಎಂದೂ ಹತ್ತದ ಮದರಾಸು ಬೀದಿಯ ತಮಿಳನ್ನು ಆನಂದಭೈರವಿಯಲ್ಲಿ ಹಾಡಿದ್ದು ಹಾರ್ಡ್‌ಕೋರೇ.

ಹುಡುಗ ಇನ್ನೊಂದು ಕೇಳಿದ: ‘ಪೊರಂಬೋಕು ಅಂದ್ರೆ ನಮ್ ಕಡೆ ಬೈಗುಳ ಅಲ್ವಾ ಮಾವ?’ ಬೈಗುಳವೇ. ಹಾಡಿನ ಜೀವ ಇರುವುದೂ ಅಲ್ಲೇ. ಪೊರಂಬೋಕು ಎಂದರೆ ಕಂದಾಯ ದಾಖಲೆಯಲ್ಲಿ ಯಾರ ಹೆಸರಿಗೂ ಇಲ್ಲದ, ಕಂದಾಯ ಬಾರದ, ಊರಿಗೆಲ್ಲ ಸೇರಿದ ಜಾಗ: ಕೆರೆಯಂಗಳ, ಅಳಿವೆ, ಮೇಯುವ ಬಯಲು. ಕಂದಾಯ ಹುಟ್ಟದ ಜಾಗ ಕೆಲಸಕ್ಕೆ ಬಾರದ ಜಾಗ ಎಂದಾಯಿತು. ಅಲ್ಲಿ ಬದುಕುವವರು ಕೆಲಸಕ್ಕೆ ಬಾರದವರು ಎಂದಾಯಿತು. ಕೊನೆಗೆ ಪದವೇ ಬೈಗುಳವಾಯಿತು. ನಮ್ಮ ಕನ್ನಡದ ಪಹಣಿಯಲ್ಲೂ ಇದೇ ಕತೆ. ಕಾಲುದಾರಿ, ಹಳ್ಳ, ಸ್ಮಶಾನ ಎಲ್ಲವನ್ನೂ ಸೇರಿಸಿ ‘ಬಿ ಖರಾಬು’ ಎಂದು ಬರೆಯುತ್ತೇವೆ. ಊರಿನ ಎಲ್ಲರಿಗೂ ಬೇಕಾದ ನೆಲಕ್ಕೆ ‘ಕೆಟ್ಟದ್ದು’ ಎಂದು ಹೆಸರಿಟ್ಟವರು ಯಾರು, ಯಾಕೆ ಎಂದು ಕೇಳುವ ಕನ್ನಡದ ಹಾಡೊಂದಕ್ಕಾಗಿ ನಾನು ಹುಡುಕಿದೆ. ನನಗೆ ಸಿಗಲಿಲ್ಲ.

ಎ ಬದಿಯ ಎರಡನೆಯದು ಸೋಫಿಯಾ ಅಶ್ರಫ್ ಅವರ ‘ಕೊಡೈಕನಾಲ್ ವೋಂಟ್’, 2015ರದ್ದು. ಕೊಡೈಕನಾಲಿನ ಥರ್ಮಾಮೀಟರ್ ಕಾರ್ಖಾನೆಯ ಪಾದರಸದ ಬಗ್ಗೆ, ಅಮೆರಿಕದ ಜನಪ್ರಿಯ ರ‍್ಯಾಪ್ ಹಾಡೊಂದರ ಮಟ್ಟನ್ನು ಎತ್ತಿಕೊಂಡು ಹಾಡಿದ್ದು. ಮುಂದಿನ ವರ್ಷ ಕಂಪನಿ 591 ಮಂದಿ ಮಾಜಿ ಕಾರ್ಮಿಕರ ಜೊತೆ ರಾಜಿಗೆ ಬಂತು. ಅದು ಹಾಡಿನಿಂದಲೇ ಆಯಿತೆಂದರೆ ಕಾರ್ಮಿಕರ ಹದಿನೈದು ವರ್ಷದ ಹೋರಾಟಕ್ಕೆ ಅನ್ಯಾಯ ಮಾಡಿದಂತೆ. ಹಾಡು ಕೊನೆಯ ಒಂದು ತಳ್ಳು ಕೊಟ್ಟಿತು.

ಮೂರರಿಂದ ಐದರವರೆಗೂ ‘ದಿ ಕಾಸ್ಟ್‌ಲೆಸ್ ಕಲೆಕ್ಟಿವ್’. ಈ ತಂಡದ ಬಗ್ಗೆ ಸ್ವಲ್ಪ ನಿಧಾನಿಸಿ ಹೇಳಬೇಕು. ನಿರ್ದೇಶಕ ಪಾ. ರಂಜಿತ್ ಅವರ ನೀಲಂ ಸಾಂಸ್ಕೃತಿಕ ಕೇಂದ್ರ ಮತ್ತು ಸಂಗೀತಗಾರ ತೆನ್ಮಾ ಸೇರಿ ಕಟ್ಟಿದ್ದು ಇದು. ಮೊದಲ ಕಾರ್ಯಕ್ರಮ 2018ರ ಜನವರಿ 6ರಂದು ಕಿಲ್ಪಾಕ್‌ನಲ್ಲಿ ನಡೆಯಿತು. ಹೆಸರು ಬಂದದ್ದು ಜಾತಿಯಿಲ್ಲದ ತಮಿಳರು ಎಂದ ಪಂಡಿತ ಅಯೋತ್ತಿದಾಸರ ಮಾತಿನಿಂದ. ಉತ್ತರ ಮದರಾಸಿನ ಕೇರಿಗಳಲ್ಲಿ ಗಾನಾ ಎಂಬ ಹಾಡುಗಾರಿಕೆ ಇದೆ. ಸತ್ತವರ ಮನೆ ಮುಂದೆ ರಾತ್ರಿಯೆಲ್ಲಾ ಕೂತು ಹೋದವನ ಬದುಕನ್ನು, ಅವನ ಚೇಷ್ಟೆಯನ್ನು, ಅವನು ಉಳಿಸಿಹೋದ ಸಾಲವನ್ನು ಸಹ ಹಾಡುತ್ತಾರೆ. ಇಲ್ಲಿಗೆ ಬಂದ ಹೊಸದರಲ್ಲಿ ಪಕ್ಕದ ಬೀದಿಯಲ್ಲಿ ಒಬ್ಬರು ತೀರಿಕೊಂಡಾಗ ಬೆಳಗಿನ ಮೂರು ಗಂಟೆವರೆಗೂ ಕೇಳಿದೆ. ಹಾಡುವವನ ಗಂಟಲು ಒಡೆದುಹೋಗಿತ್ತು. ಒಡೆದ ಗಂಟಲಲ್ಲೇ ಅವನು ಮೇಲಿನ ಸ್ವರಕ್ಕೆ ಹೋಗುತ್ತಿದ್ದ, ಅಲ್ಲಿ ದನಿ ಸೀಳಿಕೊಂಡು ಹೊರಗೆ ಬರುತ್ತಿತ್ತು. ಅಮೆರಿಕದ ಹಾರ್ಡ್‌ಕೋರ್ ಗಾಯಕರು ವರ್ಷಗಟ್ಟಲೆ ಅಭ್ಯಾಸ ಮಾಡಿ ತರಿಸಿಕೊಳ್ಳುವ ದನಿ ಅದು. ಇಲ್ಲಿ ಸಾವಿನ ಮನೆಯ ನಿದ್ದೆಗೇಡೇ ಅದನ್ನು ತರಿಸುತ್ತದೆ. ತೆನ್ಮಾ ಮಾಡಿದ ದೊಡ್ಡ ಕೆಲಸವೆಂದರೆ ಆ ದನಿಯನ್ನು ನಯಮಾಡಲು ಹೋಗದೆ, ಅದರ ಕೆಳಗೆ ಎಲೆಕ್ಟ್ರಿಕ್ ಗಿಟಾರ್, ಡ್ರಮ್ಸ್, ಪರೈ ತಂದಿಟ್ಟದ್ದು. ಮೀಸಲಾತಿಯ ಕುರಿತ ಅವರ ‘ಕೋಟಾ’ ಹಾಡು ಕೇಳಿ: ಗಿಟಾರ್ ಕೊಚ್ಚುವ ತಾಳಕ್ಕೂ ಕೇರಿಯ ತಾಳಕ್ಕೂ ನಡುವೆ ಸಂದು ಕಾಣುವುದಿಲ್ಲ. ಗಂಡಸರದ್ದೇ ಆಗಿದ್ದ ಗಾನಾದಲ್ಲಿ ಹೆಣ್ಣಾಗಿ ನಿಂತು ಹಾಡಿದ ಇಸೈವಾಣಿ ಇದೇ ತಂಡದವರು. 2020ರಲ್ಲಿ ಬಿಬಿಸಿಯ ನೂರು ಮಹಿಳೆಯರ ಪಟ್ಟಿಯಲ್ಲಿ ಅವರ ಹೆಸರಿತ್ತು.

ಹೊಗಳಿಕೆ ಇಷ್ಟಕ್ಕೇ ನಿಲ್ಲಿಸುತ್ತೇನೆ, ಯಾಕೆಂದರೆ ಈ ಬಗೆಯ ಹಾಡುಗಳ ಕೊರತೆಗಳೂ ಕಣ್ಣಿಗೆ ಹೊಡೆಯುವಂಥವು. ಕಾಸ್ಟ್‌ಲೆಸ್ ಕಲೆಕ್ಟಿವ್ ವೇದಿಕೆಯ ಮೇಲೆ ಬೆಂಕಿ, ರೆಕಾರ್ಡಿಂಗಿನಲ್ಲಿ ಅರ್ಧ ಬೆಂಕಿ. ಸ್ಟುಡಿಯೋದಲ್ಲಿ ಪರೈ ಹಿಂದಕ್ಕೆ ಸರಿದು ಗಾಯಕನ ಮಾತು ಮಾತ್ರ ಮುಂದೆ ನಿಲ್ಲುತ್ತದೆ. ಸಂದೇಶ ಕೇಳಿಸಬೇಕೆಂಬ ಆತುರಕ್ಕೆ ಸಂಗೀತ ಜಾಗ ಬಿಟ್ಟುಕೊಟ್ಟಿದೆ. ಪೋರಂಬೋಕ್ ಹಾಡಿನ ಕೊರತೆ ಬೇರೆ ಬಗೆಯದು. ಅದನ್ನು ದೇಶವೆಲ್ಲ ಕೇಳಿತು, ಎಣ್ಣೂರು ಕೇಳಿದ್ದು ಕಡಿಮೆ. ನಮ್ಮ ಬೀದಿಯ ಟೀ ಅಂಗಡಿಯಲ್ಲಿ ಒಂದು ಸಲವೂ ಅದು ಹಾಕಿದ್ದನ್ನು ನಾನು ಕೇಳಿಲ್ಲ. ಹಾಡು ಬಂದ ಎರಡೇ ವಾರಕ್ಕೆ, 2017ರ ಜನವರಿ 28ರಂದು, ಬಂದರಿನಾಚೆ ಎರಡು ಹಡಗುಗಳು ಗುದ್ದಿ ಎಣ್ಣೆ ದಡಕ್ಕೆ ಬಂತು. ಜನ ಬಕೆಟ್ಟಿನಲ್ಲಿ ಎತ್ತಿದರು. 2023ರ ಡಿಸೆಂಬರಿನಲ್ಲಿ ಮಿಚಾಂಗ್ ಚಂಡಮಾರುತದ ನೆರೆಯ ಜೊತೆ ಮತ್ತೆ ಎಣ್ಣೆ ಅಳಿವೆಗೆ ಇಳಿಯಿತು, ತಿಂಗಳ ಕೊನೆಗೆ ಅಮೋನಿಯಾ ಸೋರಿತು. ಹಾಡಿಗೆ ಇವನ್ನು ತಡೆಯುವ ಹೊಣೆ ಹೊರಿಸುವುದು ತಪ್ಪು. ಆದರೆ ಎಣ್ಣೆ ಬಳಿದುಕೊಂಡ ಬಲೆಯನ್ನು ಮರಳಲ್ಲಿ ಉಜ್ಜುತ್ತಾ ಕೂತವನ ಬಾಯಲ್ಲಿ ಆ ಹಾಡು ಇರಲಿಲ್ಲ. ಅವನ ಬಾಯಿಗೆ ಬರುವಂಥ ಮಟ್ಟಿನಲ್ಲಿ ಅದು ಕಟ್ಟಿದ್ದೂ ಅಲ್ಲ ಎಂಬ ನೋವು ನನಗಿದೆ.

ಆರನೆಯದು ಅರಿವು. ಇವರು ಕಲೆಕ್ಟಿವ್‌ನಿಂದಲೇ ಬಂದವರು. 2021ರ ‘ಎಂಜಾಯ್ ಎಂಜಾಮಿ’ ಬರೆದು, ಧೀ ಜೊತೆ ಹಾಡಿ, ಸಿಲೋನಿನ ಟೀ ತೋಟದಲ್ಲಿ ದುಡಿದು ವಾಪಸು ಬಂದ ತಮ್ಮ ಅಜ್ಜಿ ವಳ್ಳಿಯಮ್ಮಾಳನ್ನು ಲೋಕದ ಮುಂದೆ ನಿಲ್ಲಿಸಿದರು. ಅದೇ ವರ್ಷ ಪತ್ರಿಕೆಯೊಂದು ಆ ಯಶಸ್ಸಿನ ಮುಖಪುಟ ಮಾಡಿದಾಗ ಅರಿವು ಅದರಲ್ಲಿರಲಿಲ್ಲ. ಗಲಾಟೆಯಾದ ಮೇಲೆ ಬೇರೆ ಮುಖಪುಟ ಬಂತು. ಡಿಸ್ಕಾರ್ಡ್‌ನ ಹುಡುಗರು ಸ್ವಂತ ಕಂಪನಿ ಮಾಡಿದ್ದು ಯಾಕೆಂದು ಇದನ್ನು ನೋಡಿದರೆ ತಿಳಿಯುತ್ತದೆ. ನಾನು ಪಟ್ಟಿಗೆ ಹಾಕಿದ್ದು ಅವರ 2024ರ ‘ವಳ್ಳಿಯಮ್ಮಾ ಪೇರಾಂಡಿ’ ಆಲ್ಬಮ್ಮಿನಿಂದ. ಹೆಸರಿಗೇ ವಳ್ಳಿಯಮ್ಮನ ಮೊಮ್ಮಗ.

ಬಿ ಬದಿಗೆ ನಮ್ಮವರು ಬರಬೇಕಿತ್ತು.

ಬೆಂಗಳೂರಿಗೆ ರಾಕ್ ಹೊಸದಲ್ಲ. 1988ರಲ್ಲಿ ಮಿಲೇನಿಯಮ್, 1996ರಲ್ಲಿ ಥರ್ಮಲ್ ಅಂಡ್ ಎ ಕ್ವಾರ್ಟರ್, 1998ರಲ್ಲಿ ಕ್ರಿಪ್ಟೋಸ್ ಹುಟ್ಟಿಕೊಂಡವು. 2007ರ ಮಾರ್ಚ್ 17ರಂದು ಅರಮನೆ ಮೈದಾನಕ್ಕೆ ಐರನ್ ಮೇಡನ್ ಬಂದಾಗ ನಾನೂ ಮಾರಿಕುಪ್ಪಂ ರೈಲಿನಲ್ಲೇ ಹೋಗಿದ್ದೆ. ವಾಪಸು ರೈಲಿಲ್ಲದೆ ಕಂಟೋನ್ಮೆಂಟ್ ಸ್ಟೇಷನ್ನಿನಲ್ಲಿ ಮಲಗಿ ಬೆಳಿಗ್ಗೆ ಬಂದೆ. ನನ್ನ ಸುತ್ತ ಕಪ್ಪು ಅಂಗಿಯ ಹುಡುಗರು ಇಂಗ್ಲಿಷಿನಲ್ಲಿ ಹಾಡುತ್ತಾ ಕನ್ನಡ, ತಮಿಳು, ಮಲಯಾಳದಲ್ಲಿ ಮಾತಾಡುತ್ತಿದ್ದರು. ಕ್ರಿಪ್ಟೋಸ್ ಮುಂದೆ ಜರ್ಮನಿಯ ವಾಕನ್ ಉತ್ಸವದ ವೇದಿಕೆ ಹತ್ತಿತು. ಅವರ 2024ರ ‘ಡೆಸಿಮೇಟರ್’ ಆಲ್ಬಮ್ಮಿನ ಗಿಟಾರ್ ಕೆಲಸ ಯಾವ ದೇಶದ ತಂಡಕ್ಕೂ ಕಡಿಮೆಯಿಲ್ಲ. ಅದನ್ನು ಮನಸಾರೆ ಪಟ್ಟಿಗೆ ಹಾಕಿದ್ದೇನೆ. ಆದರೆ ಆ ಹಾಡುಗಳನ್ನು ಕಣ್ಣು ಮುಚ್ಚಿ ಕೇಳಿದರೆ ಅವು ಬೆಂಗಳೂರಿನವು ಎಂದು ಹೇಳಲು ಒಂದು ಗುರುತೂ ಸಿಗುವುದಿಲ್ಲ. ನೊರೆ ಉಕ್ಕುವ ಬೆಳ್ಳಂದೂರು ಕೆರೆ ಇಲ್ಲ, ಮುಚ್ಚಿದ ಗಿರಣಿ ಇಲ್ಲ, ಪೌರಕಾರ್ಮಿಕರ ಬೆಳಗಿನ ಜಾವ ಇಲ್ಲ. ಮೂವತ್ತೈದು ವರ್ಷ ಇಷ್ಟು ಪಳಗಿದ ಕೈಗಳು ತಾವು ನಿಂತ ನೆಲದ ಹೆಸರನ್ನು ಇಷ್ಟು ಕಡಿಮೆ ಎತ್ತಿವೆ ಎಂಬುದೇ ನನ್ನ ತಕರಾರು. ಸ್ವರಾತ್ಮ ತಂಡ ಈ ಮಾತಿಗೆ ಹೊರತು: ಕಾವೇರಿ ಜಗಳದ ಬಗ್ಗೆ ಅವರು ‘ಪ್ಯಾಸಿ’ ಮಾಡಿದರು, ಹಿಂದಿಯಲ್ಲಿ. ರಘು ದೀಕ್ಷಿತ್ ಶಿಶುನಾಳ ಷರೀಫರನ್ನು ಗಿಟಾರಿಗೆ ಕೂರಿಸಿ ಹಾಡಿದ್ದು ದೊಡ್ಡ ಕೆಲಸ. ಆದರೆ ಅದರ ಹದ ಸಂಭ್ರಮದ್ದು, ಸಿಟ್ಟಿನದ್ದಲ್ಲ.

ಸಿಟ್ಟು ಕನ್ನಡದಲ್ಲಿ ಇರಲಿಲ್ಲವೇ? ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ 1975ರಲ್ಲೇ ಬಂತು. ದಲಿತ ಸಂಘರ್ಷ ಸಮಿತಿಯ ಮೆರವಣಿಗೆಗಳಲ್ಲಿ ಬರೀ ತಮಟೆ ಇಟ್ಟುಕೊಂಡು ಆ ಕವಿತೆಗಳನ್ನು ಹಾಡಿದರು. ನಮ್ಮ ಕೋಲಾರದ ಪಿಚ್ಚಳ್ಳಿ ಶ್ರೀನಿವಾಸರ ಗಂಟಲು ಕೇಳಿದವರಿಗೆ ಗೊತ್ತು, ಮೈಕ್ ಇಲ್ಲದೆ ಬಯಲು ತುಂಬುವ ದನಿ ಅದು. ಕನ್ನಡದ ಹಾರ್ಡ್‌ಕೋರ್ ಅಲ್ಲಿತ್ತು, ಗಿಟಾರು ಎಪ್ಪತ್ತು ಕಿಲೋಮೀಟರಿನಾಚೆ ಬೆಂಗಳೂರಿನಲ್ಲಿತ್ತು. ಎರಡನ್ನೂ ಒಂದೇ ಕೋಣೆಯಲ್ಲಿ ಕೂರಿಸುವ ತೆನ್ಮಾನಂಥವನೊಬ್ಬ ನಮಗೆ ಆಗ ಸಿಗಲಿಲ್ಲ.

ಸಿಕ್ಕದ್ದು ಸಿನಿಮಾ. 2018ರ ಡಿಸೆಂಬರಿನಲ್ಲಿ ‘ಕೆಜಿಎಫ್’ ಬಂತು. ನಮ್ಮ ಸೈನೈಡ್ ದಿಬ್ಬದ ಮೇಲೇ ಅದರ ಚಿತ್ರೀಕರಣ ನಡೆಯಿತು. ರವಿ ಬಸ್ರೂರು ಅವರ ಡೋಲು, ಗುಂಪುದನಿ, ತಗ್ಗು ಸ್ವರದ ಗರ್ಜನೆ ದೇಶವೆಲ್ಲ ಮೊಳಗಿತು. ಕನ್ನಡದಲ್ಲಿ ಅಷ್ಟು ಭಾರದ ಶಬ್ದ ಅದಕ್ಕೆ ಮೊದಲು ಬಂದಿರಲಿಲ್ಲ ಎಂದೇ ನನ್ನ ತೀರ್ಮಾನ. ಬಸ್ರೂರರ ಕೈಚಳಕದ ಮೇಲೆ ನನಗೆ ಗೌರವವಿದೆ. ಆದರೆ ಆ ಶಬ್ದವೆಲ್ಲ ಒಬ್ಬ ನಾಯಕನನ್ನು ಹೊತ್ತು ಮೆರೆಸಲು ಖರ್ಚಾಯಿತು. ಮೂರು ಕಿಲೋಮೀಟರಿಗೂ ಆಳದ ಚಾಂಪಿಯನ್ ರೀಫ್ ಗಣಿಗೆ ಇಳಿದು, ಕಲ್ಲಿನ ಪುಡಿ ಉಸಿರಾಡಿ, ಸಿಲಿಕೋಸಿಸ್ ಹತ್ತಿಸಿಕೊಂಡು ಕೆಮ್ಮುತ್ತಾ ಸತ್ತವರು ಆ ಗರ್ಜನೆಯಲ್ಲಿ ಇಲ್ಲ. ನನ್ನ ತಾತ ಕೆಮ್ಮುವಾಗ ಗೋಡೆಗೆ ಅಂಗೈ ಊರಿಕೊಳ್ಳುತ್ತಿದ್ದರು. ಆ ಜಾಗದಲ್ಲಿ ಸುಣ್ಣ ಉದುರಿ ಅಂಗೈ ಅಗಲದ ಮಚ್ಚೆ ಬಿದ್ದಿತ್ತು. ಮನೆಗೆ ಮೂರು ಸಲ ಸುಣ್ಣ ಹೊಡೆಸಿದರೂ ಅದು ಮತ್ತೆ ಮತ್ತೆ ಕಾಣುತ್ತಿತ್ತು. ಊರಿನ ಹೆಸರು ಲೋಕಕ್ಕೆಲ್ಲ ಗೊತ್ತಾಯಿತು, ಊರಿನ ಕೆಮ್ಮು ಯಾರಿಗೂ ಕೇಳಿಸಲಿಲ್ಲ.

ಬಿ ಬದಿಯ ಉಳಿದ ಜಾಗವನ್ನು ಹೊರಗಿನವರು ತುಂಬಿದರು. ಮುಂಬೈಯ ಸ್ಕ್ರೈಬ್ ತಂಡದ 2014ರ ‘ಹೇಲ್ ಮೊಗ್ಯಾಂಬೊ’ದಿಂದ ಒಂದು. ದೆಹಲಿಯ ಬ್ಲಡಿವುಡ್‌ನ 2025ರ ‘ನು ಡೆಲ್ಲಿ’ಯಿಂದ ಒಂದು, ಅವರು ಢೋಲನ್ನು ಅಲಂಕಾರಕ್ಕೆ ಬಳಸದೆ ಬೆನ್ನೆಲುಬಾಗಿ ಬಳಸುತ್ತಾರೆ. ಬಾಲ್ಟಿಮೋರ್‌ನ ಟರ್ನ್‌ಸ್ಟೈಲ್ ತಂಡದ ‘ಗ್ಲೋ ಆನ್’ನಿಂದ ಎರಡು, ಬೆಳಗಿನ ರೈಲಿನಲ್ಲಿ ನಿದ್ದೆ ಓಡಿಸಲು ಅದಕ್ಕಿಂತ ಒಳ್ಳೆಯದಿಲ್ಲ. ಫಿಲಡೆಲ್ಫಿಯಾದ ಸೋಲ್ ಗ್ಲೋ ತಂಡದ 2022ರ ‘ಡಯಾಸ್ಪೊರಾ ಪ್ರಾಬ್ಲಮ್ಸ್’ನಿಂದ ಒಂದು. ಅದನ್ನು ಕೇಳಿದಾಗಲೆಲ್ಲ ನನಗೆ ಪಕ್ಕದ ಬೀದಿಯ ಸಾವಿನ ಮನೆಯ ಗಾಯಕ ನೆನಪಾಗುತ್ತಾನೆ.

ಎಲ್ಲ ಸೇರಿಸಿ, ಹಳೆಯ ಲೆಕ್ಕದಲ್ಲೇ ಒಂದೊಂದು ಬದಿಯನ್ನು ಒಂದೊಂದು ಫೈಲ್ ಮಾಡಿ ಕಳಿಸಿದೆ. ಸಂಜೆ ಹುಡುಗನ ಫೋನ್ ಬಂತು. ರೈಲು ಊರಿಗಾಂ ದಾಟಿತ್ತು, ಹಿಂದೆ ಜನರ ಗದ್ದಲ.

‘ಮಾವ, ಬಿ ಸೈಡ್ ಕೊನೇಲಿ ಏನೂ ಬರ್ತಿಲ್ಲ. ಫೈಲ್ ಕೆಟ್ಟಿದೆಯಾ?’

‘ಕೆಟ್ಟಿಲ್ಲ ಕಣೋ. ಅದು ನಮ್ಮೂರಿನ ಹಾಡಿಗೆ ಬಿಟ್ಟಿರೋ ಜಾಗ. ಯಾರಾದ್ರೂ ಮಾಡಿದ್ರೆ ಹಾಕೋಣ.’

ಒಂದು ಕ್ಷಣ ಸುಮ್ಮನಿದ್ದ. ಅವನ ಜೊತೆ ಓಡಾಡುವವರಲ್ಲಿ ಒಬ್ಬನ ಹತ್ತಿರ ಗಿಟಾರ್ ಇದೆ, ಇನ್ನೊಬ್ಬನ ಮನೆಯಲ್ಲಿ ತಮಟೆ ಇದೆ ಎಂದು ನನಗೆ ಗೊತ್ತು.

‘ಎಷ್ಟು ನಿಮಿಷ ಇದೆ ಮಾವ ಅಲ್ಲಿ?’

‘ಮೂರು ನಿಮಿಷ ನಲವತ್ತು ಸೆಕೆಂಡು’ ಅಂದೆ.